ಕಂದು ಮೂಡದ ನಾಲ್ಕು ಗಾಜು

ಆ ಮಧ್ಯಾಹ್ನ ವಿಜಯಪುರದ ಸ್ಟೇಷನ್ ರಸ್ತೆಯ ನಮ್ಮ ಲ್ಯಾಬಿನಲ್ಲಿ ಇದ್ದವರು ನಾಲ್ಕೇ ಜನ. ಒಳಕೋಣೆಯಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತ ನಮ್ಮ ಪೆಥಾಲಜಿ ಡಾಕ್ಟರು. ಅವರನ್ನು ನಾವೆಲ್ಲ ಮೇಡಂ ಎಂದೇ ಕರೆಯುವುದು. ಅದೇ ಯಂತ್ರಕ್ಕೆ ಎದುರುಬದಿಯಲ್ಲಿ ಇನ್ನೊಂದು ಜೋಡಿ ಕಣ್ಣುಗಾಜು ಇದೆ, ಅದಕ್ಕೆ ಬಗ್ಗಿ ನಿಂತವಳು ನಾನು. ಹೊರಗೆ ಬೆಂಚಿನ ಮೇಲೆ ಬಬಲೇಶ್ವರದಿಂದ ಬಂದ ಒಬ್ಬ ಮಾವ ಮತ್ತು ಅವರ ಸೊಸೆ. ಮಾವನ ತೊಡೆಯ ಮೇಲೆ ಬಟ್ಟೆಯ ಚೀಲ, ಚೀಲದ ತುಂಬ ಒಣದ್ರಾಕ್ಷಿ. ನಮ್ಮ ಕಡೆ ಅದಕ್ಕೆ ಮಣೂಕ ಅನ್ನುತ್ತೇವೆ.

"ಅಕ್ಕಾರ, ನಮ್ಮ ಶೆಡ್ಡಿನ ಮಣೂಕರಿ. ಅಂಗಡ್ಯಾಗ ಇಂಥಾವು ಸಿಗೂದಿಲ್ಲ. ಒಂದ ಬಾಯಾಗ ಹಾಕ್ಕೊಂಡ ನೋಡ್ರಿ, ರಿಪೋರ್ಟ ಆಮ್ಯಾಲ ಕೊಡ್ರಂತ" ಎಂದು ಬಂದ ಕೂಡಲೇ ಮಾವ ಕಿಟಕಿಯೊಳಗೆ ಮುಷ್ಟಿ ತೂರಿಸಿದ್ದರು.

"ಮಾವಾರ, ಅವ್ರು ಕೆಲಸದಾಗ ಅದಾರ. ಹೋದಲ್ಲೆಲ್ಲಾ ಮಣೂಕದ ಅಂಗಡಿ ತೆಗೀಬ್ಯಾಡ್ರಿ" ಎಂದು ಸೊಸೆ ಅವರ ಅಂಗಿಯ ತೋಳು ಹಿಡಿದು ಎಳೆದು ಕೂರಿಸಿದ್ದಳು.

ರೋಗ ಇದ್ದದ್ದು ಸೊಸೆಗೆ. ವಯಸ್ಸು ನಲವತ್ತರ ಆಚೀಚೆ. ದ್ರಾಕ್ಷಿ ತುಂಬಿದ ಕ್ರೇಟನ್ನು ಎದೆಗೆ ಆನಿಸಿ ಎತ್ತುವಾಗ ಎಡಗಡೆ ಏನೋ ಒತ್ತಿದಂತಾಗಿ, ಕೈಯಿಟ್ಟು ನೋಡಿಕೊಂಡಿದ್ದಳು. ಗಂಡ ಮಣೂಕ ಮಾರಲು ಟೆಂಪೊ ಕಟ್ಟಿಕೊಂಡು ಊರೂರು ತಿರುಗುವ ಹಂಗಾಮು ಅದು. ಹೀಗಾಗಿ ಟಿಕೋಟಾದ ಸಣ್ಣ ನರ್ಸಿಂಗ್ ಹೋಮಿಗೆ ಅವಳ ಜೊತೆ ಹೋದವರು ಮಾವ. ವಿಜಯಪುರದಿಂದ ವಾರಕ್ಕೊಮ್ಮೆ ಅಲ್ಲಿಗೆ ಬರುವ ಸರ್ಜನ್ ದಪ್ಪ ಸೂಜಿಯಿಂದ ಗಡ್ಡೆಯ ನಾಲ್ಕು ಎಳೆ ತೆಗೆದು, ಬಾಟಲಿಗೆ ಹಾಕಿ, "ಇದನ್ನ ಬಿಜಾಪುರಕ್ಕ ಒಯ್ದು ಕೊಡ್ರಿ" ಎಂದು ಮಾವನ ಕೈಗೇ ಕೊಟ್ಟಿದ್ದರು. ಅದೇ ನಮ್ಮ ಕಡೆಯ ಪದ್ಧತಿ. ತುಣುಕು ತೆಗೆಯುವವರು ಡಾಕ್ಟರು, ಹೊತ್ತು ತರುವವರು ಮನೆಯವರು.

ಶಾವಿಗೆಯ ತುಂಡಿನಷ್ಟಿದ್ದ ಆ ಎಳೆಗಳನ್ನು ನಾನು ಮೇಣದಲ್ಲಿ ಹೂತು, ಈರುಳ್ಳಿಯ ಒಳಪೊರೆಗಿಂತ ತೆಳ್ಳಗೆ ಹೆರೆದು, ಗಾಜಿಗೆ ಹಿಡಿಸಿ, ಮಾಮೂಲು ಗುಲಾಬಿ-ನೀಲಿ ಬಣ್ಣ ಕಟ್ಟಿ ಕೊಟ್ಟಿದ್ದೆ. ಕೋಶಗಳ ಅಂಚು ಸ್ವಲ್ಪ ಮಬ್ಬಾಗಿದ್ದವು, ಆದರೆ ನೋಡಬೇಕಾದ್ದು ಕಾಣುತ್ತಿತ್ತು. ಕ್ಯಾನ್ಸರ್ ಹೌದು ಎಂಬುದು ಅಷ್ಟಕ್ಕೇ ಗೊತ್ತಾಗಿತ್ತು, ಅದನ್ನು ಅವರಿಗೆ ಹೇಳಿಯೂ ಆಗಿತ್ತು. ಈಗ ಉಳಿದದ್ದು ಎರಡನೆಯ ಪ್ರಶ್ನೆ: ಎಂಥ ಕ್ಯಾನ್ಸರ್?

ಇದನ್ನು ನಾನು ಬಂದವರಿಗೆ ಹೇಳುವುದು ಹೀಗೆ, ಈ ಮಾವ-ಸೊಸೆಗೂ ಹೀಗೇ ಹೇಳಿದ್ದೆ. ಕೆಲವು ಗಡ್ಡೆಗೆ ಕಿವಿ ಇರುತ್ತವೆ. ಹೆಣ್ಣಿನ ಮೈಯಲ್ಲಿ ಹರಿದಾಡುವ ಹಾರ್ಮೋನು 'ಬೆಳಿ' ಅಂದರೆ ಆ ಕಿವಿಯಿಂದ ಕೇಳಿ ಬೆಳೆಯುತ್ತವೆ. ಆ ಕಿವಿ ಎಂದರೆ ಒಂದು ಬಗೆಯ ಪ್ರೋಟೀನು. ಈಸ್ಟ್ರೋಜನ್ ಕೇಳುವ ಕಿವಿ ಒಂದು, ಪ್ರೊಜೆಸ್ಟರಾನ್ ಕೇಳುವುದು ಇನ್ನೊಂದು. ಇವು ಇದ್ದರೆ ಒಳ್ಳೆಯದೇ, ಯಾಕೆಂದರೆ ಕಿವಿ ಮುಚ್ಚುವ ಗುಳಿಗೆ ಇದೆ. ವರ್ಷಗಟ್ಟಲೆ ದಿನಕ್ಕೊಂದು ನುಂಗುತ್ತ ಹೋದರೆ ರೋಗ ತಿರುಗಿ ಬರುವ ಭಯ ಬಹಳ ತಗ್ಗುತ್ತದೆ. ಹರ್-2 ಅಂತ ಮೂರನೆಯ ಪ್ರೋಟೀನು ಕೋಶದ ಹೊರಗೋಡೆಯ ಮೇಲೆ ಕೂರುತ್ತದೆ, ಅದು ಹೆಚ್ಚಾಗಿದ್ದರೆ ಅದಕ್ಕೂ ಬೇರೆ ಮದ್ದು ಇದೆ. ಮೂರೂ ಇಲ್ಲವೆಂದರೆ ಗುಳಿಗೆಯ ದಾರಿ ಮುಚ್ಚಿತು, ಕೀಮೋ ಎಂಬ ಭಾರಿ ಮದ್ದಿನ ದಾರಿ ಒಂದೇ. ಇವು ಮೂರರ ಜೊತೆ ಕಿ-67 ಎಂಬ ನಾಲ್ಕನೆಯದನ್ನೂ ನೋಡುತ್ತೇವೆ. ಎಷ್ಟು ಕೋಶ ಒಡೆದು ಎರಡಾಗುವ ತಯಾರಿಯಲ್ಲಿವೆ ಎಂದು ಅದು ಹೇಳುತ್ತದೆ.

ಹೀಗೆ ನಾಲ್ಕು ಗಾಜು. ಹುಡುಕುವ ಪ್ರೋಟೀನು ಇದ್ದಲ್ಲಿ ಚಹಾದ ಕಂದು ಮೂಡಬೇಕು, ಇಲ್ಲದಲ್ಲಿ ಬರಿ ನೀಲಿ.

ಮೇಡಂ ಒಂದೊಂದೇ ಗಾಜು ಸರಿಸಿದರು. ನೀಲಿ. ನೀಲಿ. ನೀಲಿ. ನಾಲ್ಕನೆಯದೂ ನೀಲಿ.

"ಎಲ್ಲಾ ಸೊನ್ನಿ ನೋಡ್ರಿ ಅಕ್ಕಾರ" ಎಂದು ಮೇಡಂ ನಿಟ್ಟುಸಿರು ಬಿಟ್ಟರು. "ಕ್ಯಾನ್ಸರ್ ಡಾಕ್ಟರು ಮುಂಜಾನಿಂದ ಮೂರು ಸಲ ಫೋನ್ ಮಾಡ್ಯಾರ. ಸೋಮವಾರಕ್ಕ ಮೊದಲ್ನೇ ಮದ್ದು ಹಚ್ಚೂದು ಅಂತ ಬೆಡ್ ಹಿಡದಾರ. ಬರದು ಕೊಟ್ಟಬಿಡೂಣು."

ಬುಧವಾರ ಅದು. ಪೆನ್ನಿನ ಮುಚ್ಚಳ ತೆಗೆಯುವ ಸದ್ದು ಕೇಳಿತು. ನನ್ನ ಕಣ್ಣು ಮಾತ್ರ ಗಾಜಿನ ಒಂದು ಮೂಲೆ ಬಿಟ್ಟು ಬರಲಿಲ್ಲ. ಗಡ್ಡೆಯ ಪಕ್ಕದಲ್ಲಿ, ಸೂಜಿ ತನ್ನ ದಾರಿಯಲ್ಲಿ ಕಿತ್ತು ತಂದಿದ್ದ ಆರೋಗ್ಯವಂತ ಹಾಲಿನ ನಾಳವೊಂದು ಉಂಗುರದಂತೆ ಕೂತಿತ್ತು.

"ಮೇಡಂ, ಆ ಮೂಲ್ಯಾಗಿನ ನಾಳ ನೋಡ್ರಿ. ಅದೂ ನೀಲಿನ ಐತಿ."

ಅವರು ಗಾಜು ಸರಿಸಿ ನೋಡಿದರು. ಆರೋಗ್ಯವಂತ ನಾಳಕ್ಕೆ ಯಾವತ್ತೂ ಕಿವಿ ಇರುತ್ತದೆ. ಎಲ್ಲ ಕೋಶಕ್ಕಲ್ಲ, ಅಲ್ಲೊಂದು ಇಲ್ಲೊಂದಕ್ಕೆ. ಅಲ್ಲಿ ನಾಲ್ಕಾದರೂ ಕಂದು ಚುಕ್ಕೆ ಬೀಳಲೇಬೇಕು. ನಾವು ಪ್ರತಿ ಗಾಜಿನ ತುದಿಗೆ ಬೇರೆ ಯಾವುದೋ ಹಳೆಯ, ಗೊತ್ತಿರುವ ತುಣುಕೊಂದನ್ನು ಸಾಕ್ಷಿಗೆ ಅಂಟಿಸಿರುತ್ತೇವೆ. ಅದು ಅಚ್ಚುಕಟ್ಟಾಗಿ ಕಂದಾಗಿತ್ತು. ಅಂದರೆ ಬಣ್ಣ ಸರಿ, ರಾಸಾಯನಿಕ ಸರಿ, ನನ್ನ ಕೈ ಸರಿ. ಈ ತುಣುಕು ಮಾತ್ರ ಮಾತಾಡುತ್ತಿಲ್ಲ.

ಮೇಡಂ ಪೆನ್ನು ಕೆಳಗಿಟ್ಟು ಹಳೆಯ ಗುಲಾಬಿ-ನೀಲಿ ಗಾಜನ್ನು ಮತ್ತೆ ಏರಿಸಿದರು. ಅಲ್ಲಿ ಒಡೆದು ಎರಡಾಗುತ್ತಿದ್ದ ಕೋಶಗಳು ಕಣ್ಣಿಗೆ ಹೊಡೆಯುವಂತಿದ್ದವು. ಆಮೇಲೆ ಕಿ-67ರ ಗಾಜು. ಒಂದೂ ಒಡೆಯುತ್ತಿಲ್ಲ ಅನ್ನುತ್ತಿತ್ತು ಅದು.

"ಇಲ್ಲಿ ಒಡ್ಯಾಕತ್ತಾವ, ಅಲ್ಲಿ ಒಂದೂ ಒಡ್ಯಾಕತ್ತಿಲ್ಲ. ಎರಡೂ ಖರೇ ಆಗಾಕ ಸಾಧ್ಯ ಇಲ್ಲ" ಎಂದು ಮೇಡಂ ಕುರ್ಚಿಗೆ ಒರಗಿದರು. ಪೆನ್ನಿಗೆ ಮುಚ್ಚಳ ಹಾಕಿ, "ಅಕ್ಕಾರ, ಇದು ಸೊನ್ನಿ ಅಲ್ಲ. ಇದು ಗೊತ್ತಿಲ್ಲ. ಗೊತ್ತಿಲ್ಲ ಅನ್ನೂದನ್ನ ನಾ ಸೊನ್ನಿ ಅಂತ ಬರ್ಯಾಂಗಿಲ್ಲ" ಎಂದರು.

ಹೊರಗೆ ಹೋಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇನ್ನೂ ಸರಿಯಾಗಿ ಗೊತ್ತಾಗಿಲ್ಲ, ಇನ್ನೊಮ್ಮೆ ಮಾಡಿ ನೋಡುತ್ತೇವೆ ಎಂದೆ. ಮಾವ ಚೀಲ ಎತ್ತಿಕೊಂಡು ಎದ್ದರು. ಸೊಸೆ ಏಳಲಿಲ್ಲ.

"ಕೆಟ್ಟ ಬಂದೈತಿ, ಹೇಳಾಕ ಹೆದರಾಕತ್ತೀರಿ. ಹೌದಲ್ರಿ?"

"ಇಲ್ಲ ಯವ್ವಾ. ಕೆಟ್ಟ ಬಂದಿದ್ರ ಮೇಡಂ ಅವ್ರ ಬಾಯಿಲೇ ಹೇಳತಿದ್ರು. ಖರೇನ ಗೊತ್ತಾಗಿಲ್ಲ."

ನನ್ನ ಮುಖವನ್ನು ಅವಳು ಬಹಳ ಹೊತ್ತು ನೋಡಿದಳು. ಕಾಯಿಯ ಬಣ್ಣ ನೋಡಿ ಸಿಹಿ ಅಳೆಯುವ ಕಣ್ಣು ಅದು. ಸುಳ್ಳಿಲ್ಲ ಅನ್ನಿಸಿರಬೇಕು, ಎದ್ದು ಸೆರಗು ಸರಿಮಾಡಿಕೊಂಡಳು. ಹೋಗುವಾಗ ಮಾವ ಮಣೂಕದ ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟೇ ಹೋದರು.

ಗುರುವಾರ ನನ್ನ ಪಾಲಿಗೆ ಕೆಟ್ಟ ದಿನ. ಮೇಣದ ಗಟ್ಟಿಯಿಂದ ಹೊಸದಾಗಿ ಹೆರೆದೆ. ಪ್ರೋಟೀನಿನ ಬಾಯಿ ತೆರೆಸಲು ಗಾಜುಗಳನ್ನು ಬಣ್ಣಕ್ಕಿಂತ ಮೊದಲು ಕುದಿಸುತ್ತೇವೆ. ಅದಕ್ಕೆ ನಮ್ಮಲ್ಲಿರುವುದು ಅಡುಗೆಮನೆಯ ಪ್ರೆಷರ್ ಕುಕ್ಕರೇ. ಮಾಮೂಲು ಹೊತ್ತು ಕುದಿಸಿದೆ, ಮತ್ತೆ ನೀಲಿ. ಬಣ್ಣದ ಹೊಸ ಸೀಸೆ ಒಡೆದು ಮಾಡಿದೆ, ನೀಲಿ. ಛಲ ಹಿಡಿದು ಇನ್ನೂ ಹೆಚ್ಚು ಕುದಿಸಿದೆ. ಕುಕ್ಕರಿನ ಮುಚ್ಚಳ ತೆಗೆದರೆ ತುಣುಕುಗಳು ಗಾಜು ಬಿಟ್ಟು ನೀರಿನಲ್ಲಿ ಹಾಲಿನ ಕೆನೆಯಂತೆ ತೇಲುತ್ತಿದ್ದವು. ಬೇಳೆ ಹತ್ತಿಸಿಕೊಂಡ ಹೊಸ ಸೊಸೆಯ ಹಾಗೆ ಕುಕ್ಕರಿನ ಮುಂದೆ ನಿಂತುಬಿಟ್ಟೆ. ಇನ್ನು ಮೇಣದಲ್ಲಿ ಉಳಿದದ್ದು ಸ್ವಲ್ಪವೇ. ಹೆರೆಯುತ್ತ ಹೋದರೆ ಅದೂ ಮುಗಿಯುತ್ತಿತ್ತು.

ಸಂಜೆ ನಾಲ್ಕರ ಚಹಾದ ಹೊತ್ತಿಗೆ ಹಳೆಯ ಬಾಟಲಿಗಳ ಕಪಾಟಿಗೆ ಹೋದೆ. ರಿಪೋರ್ಟು ಹೋಗುವ ತನಕ ತುಣುಕು ಬಂದ ಬಾಟಲಿಯನ್ನು ನಾವು ಎಸೆಯುವುದಿಲ್ಲ. ಅವಳ ಹೆಸರಿನ ಬಾಟಲಿಯ ತಳದಲ್ಲಿ ಇನ್ನೂ ಎರಡು ಬೆರಳು ನೀರಿತ್ತು. ಮುಚ್ಚಳ ತೆಗೆದೆ.

ತುಣುಕು ಕೆಡದಂತೆ ಹಿಡಿದಿಡುವ ಫಾರ್ಮಾಲಿನ್ ಇದೆಯಲ್ಲ, ಅದನ್ನು ಮೂಸುವುದು ತಪ್ಪು, ಹೊಸಬರಿಗೆ ನಾನೇ ಬೈದು ಹೇಳಿಕೊಡುತ್ತೇನೆ. ಆದರೆ ಮೂಸಬೇಕಾಗಿಯೂ ಇಲ್ಲ, ಮುಚ್ಚಳ ತೆಗೆದರೆ ಸಾಕು, ಕಣ್ಣಿಗೆ ಈರುಳ್ಳಿ ಹಿಂಡಿದಂತಾಗುತ್ತದೆ. ಈ ಬಾಟಲಿ ತೆಗೆದರೆ ಕಣ್ಣಿಗೆ ಏನೂ ಆಗಲಿಲ್ಲ. ನೀರಿನ ಮೇಲೆ ಎಣ್ಣೆಯ ತೆಳು ಪದರ. ಎಂಥದೋ ಸಾಬೂನಿನಂಥ ಜಿಡ್ಡು ವಾಸನೆ. ಎಲ್ಲೋ ಮೂಗಿಗೆ ಬಡಿದಿದ್ದ ವಾಸನೆ, ಹೆಸರು ಬಾಯಿಗೆ ಬರುತ್ತಿಲ್ಲ.

ರಿಜಿಸ್ಟರು ತೆರೆದೆ. ಅವಳ ಸಾಲಿನಲ್ಲಿ ನನ್ನದೇ ಅಕ್ಷರ: 'ಫಾರ್ಮಾಲಿನ್‌ನಲ್ಲಿ ಬಂದಿದೆ.'

ಇಟ್ಟಂಗಿಹಾಳದ ನಮ್ಮ ಆಯಿ ಜೋಳ ತುಂಬಿಡುವ ನೆಲಗುಂಡಿ ಹಗೇವಿನ ಬಾಯಿಗೆ ಬಗ್ಗಿ, ಯಾರು ಏನೇ ಹೇಳಲಿ, ಭುಜದ ತನಕ ಕೈ ಇಳಿಸಿ ಒಳಗಿನ ಕಾಳು ತೆಗೆದು ಮೂಸಿ ನೋಡಿದ ಮೇಲೇ 'ಹೂಂ' ಅನ್ನುತ್ತಿದ್ದಳು. ಮೊಮ್ಮಗಳಾದ ನಾನು ಬಾಟಲಿಯ ಮುಚ್ಚಳ ತೆಗೆದು, ಕಣ್ಣು ಉರಿಯದಿದ್ದರೂ ಗಮನಿಸದೆ, ದಿನಾ ಬರೆಯುವುದನ್ನೇ ಬರೆದು ಕೂತಿದ್ದೆ. ಅವತ್ತು ಹನ್ನೊಂದು ಬಾಟಲಿ ಒಟ್ಟಿಗೆ ಬಂದಿದ್ದವು ಎಂಬುದು ನೆಪ. ತುಣುಕನ್ನು ನಮ್ಮ ಹೊಸ ಫಾರ್ಮಾಲಿನ್ನಿಗೆ ಹಾಕಿದೆನಾದರೂ ಅಷ್ಟರಲ್ಲಿ ಕೆಡಬೇಕಾದ್ದು ಕೆಟ್ಟಿತ್ತು.

ರಿಜಿಸ್ಟರನ್ನೂ ಬಾಟಲಿಯನ್ನೂ ಒಯ್ದು ಮೇಡಂ ಮುಂದಿಟ್ಟೆ. "ನಾ ನೋಡದ ಬರದೀನಿ ಮೇಡಂ. ಅವತ್ತ ಹಿಡದಿದ್ರ ಅವತ್ತ ಮತ್ತ ಕೇಳಬಹುದಿತ್ತು" ಎಂದೆ. ಬೈಗುಳ ಬರಲಿ ಎಂದು ಕಾದೆ.

ಮೇಡಂ ಬೈಯಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಇವತ್ತರ ಹೇಳಿದ್ರಲ್ಲ, ಬರ್ರಿ, ಕುಂದರ್ರಿ" ಎಂದು ನನ್ನ ಕಡೆಗೆ ತಮ್ಮ ಚಹಾದ ಲೋಟ ತಳ್ಳಿದರು. ಅಲ್ಲಿಯೇ ಕ್ಯಾನ್ಸರ್ ಡಾಕ್ಟರಿಗೆ ಫೋನು ಹಚ್ಚಿದರು. ಆ ಕಡೆಯ ಮಾತು ನನಗೆ ಕೇಳಲಿಲ್ಲ, ಈ ಕಡೆಯದು ಕೇಳಿತು. "ಹೌದ್ ಸರ್, ಸೋಮವಾರ ಅಂತ ಗೊತ್ತೈತಿ… ಮದ್ದು ಹಚ್ಚಿದ ಮ್ಯಾಲ ಗಡ್ಡಿ ಕರಗಿದ್ರ ಏನ ನೋಡೂದು ಸರ್? ಅದ್ಕ ಕಿವಿ ಇತ್ತೋ ಇಲ್ಲೋ ಆಮ್ಯಾಲ ಯಾರ್ನ ಕೇಳೂದು?… ಇಲ್ಲ, ತಪ್ಪು ನಮ್ಮ ಕಡೇನೂ ಐತಿ… ಮೂರ ನಾಕ ದಿನ ಕೊಡ್ರಿ." ಫೋನಿಟ್ಟು ಹೇಳಿದರು: "ಮುಂದಿನ ಗುರುವಾರದ ಮಟಾ ಕಾಯ್ತಾರಂತ. ಈಗ ಆ ಯವ್ವ ಮತ್ತೊಂದ ಸಲ ಸೂಜಿ ಚುಚ್ಚಿಸ್ಕೊಳ್ಳಾಕ ಒಪ್ಪಬೇಕು."

ಆ ಮನೆಯವರು ಫೋನು ಎತ್ತಲಿಲ್ಲ. ಮಣೂಕದ ಹಂಗಾಮಿನಲ್ಲಿ ಫೋನು ಶೆಡ್ಡಿನ ಗೂಟಕ್ಕೆ ತೂಗುವ ಚೀಲದಲ್ಲಿ ಇರುತ್ತದೆ, ಬಾರಿಸಿದರೆ ಚೀಲಕ್ಕಷ್ಟೇ ಕೇಳುತ್ತದೆ. ಶುಕ್ರವಾರ ಮುಂಜಾನೆ ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ನಾನೇ ಬಬಲೇಶ್ವರದ ಬಸ್ಸು ಹತ್ತಿದೆ. ಇಂಥ ಮಾತನ್ನು ಫೋನಿನಲ್ಲಿ ಹೇಳುವುದಕ್ಕಿಂತ ಮುಖ ನೋಡಿ ಹೇಳುವುದೇ ಸರಿ ಎಂದು ಮೇಡಂ ಕೂಡ ಅಂದಿದ್ದರು.

ಊರ ಹೊರಗೆ, ದ್ರಾಕ್ಷಿ ತೋಟದ ಪಕ್ಕದಲ್ಲೇ ಶೆಡ್ಡು. ಹಸಿರು ಬಲೆಯ ಗೋಡೆ, ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಗಳ ಮೇಲೆ ಹಸಿರಿನಿಂದ ಬಂಗಾರದ ಬಣ್ಣಕ್ಕೆ ತಿರುಗುತ್ತಿದ್ದ ಹಣ್ಣು. ಸೊಸೆ ತಲೆಗೆ ಟವೆಲು ಸುತ್ತಿಕೊಂಡು ಕಡ್ಡಿ ಆರಿಸುತ್ತಿದ್ದಳು. ನನ್ನನ್ನು ಕಂಡವಳೇ ಕೈ ಒರೆಸಿಕೊಂಡು ಎದ್ದಳು. ಮುಖದ ಬಣ್ಣ ಹೋಗಿತ್ತು.

"ಮನಿ ಮಟಾ ಬಂದೀರಿ ಅಂದ್ರ…"

"ಹಂಗೇನಿಲ್ಲ ಯವ್ವಾ. ನನಗ ಒಂದ ಮಾತ ಕೇಳೂದಿತ್ತು, ನಿನಗ ಒಂದ ಮಾತ ಹೇಳೂದೈತಿ."

ಮಾವ ಅಷ್ಟರಲ್ಲಿ ಹರ್ಷದಿಂದ ಓಡಿ ಬಂದರು. ಬಂದ ಅತಿಥಿಗೆ ಶೆಡ್ಡು ತೋರಿಸದೆ ಅವರಿಗೆ ಸಮಾಧಾನವಿಲ್ಲ. "ಬರ್ರಿ ಅಕ್ಕಾರ, ಚಾ ಆಗೂ ಮಟಾ ನಮ್ಮ ಕಾರಖಾನಿ ನೋಡ್ರಿ" ಎಂದು ಮೂಲೆಯ ದೊಡ್ಡ ಪ್ಲಾಸ್ಟಿಕ್ ತೊಟ್ಟಿಯ ಹತ್ತಿರ ಒಯ್ದರು. ಆಳು ಹೆಣ್ಣುಮಗಳೊಬ್ಬಳು ಗೊನೆ ತುಂಬಿದ ಬುಟ್ಟಿಯನ್ನು ತೊಟ್ಟಿಯಲ್ಲಿ ಅದ್ದಿ, ಎಣಿಸಿ, ಎತ್ತುತ್ತಿದ್ದಳು. "ಇದು ಡಿಪ್ಪಿಂಗ್ ನೀರು. ಸೋಡಾದಂಥ ಪುಡಿ, ಮ್ಯಾಲ ಈ ಎಣ್ಣಿ. ಇದ್ರಾಗ ಅದ್ದಿದ್ರ ಹಣ್ಣಿನ ಮ್ಯಾಲಿನ ಮೇಣ ಬಿಡತೈತಿ, ಒಳಗಿನ ನೀರು ಲಗೂನ ಹೊರಗ ಬರತೈತಿ. ಒಂದೂ ಕೊಳ್ಯಾಂಗಿಲ್ಲ. ವರ್ಷ ಇಟ್ರೂ ಕೆಡಾಂಗಿಲ್ಲ ನೋಡ್ರಿ!"

ನಾನು ತೊಟ್ಟಿಯ ಮೇಲೆ ಬಗ್ಗಿದೆ. ಸಾಬೂನಿನಂಥ ಜಿಡ್ಡು ವಾಸನೆ. ನಿನ್ನೆಯಿಂದ ಬಾಯಿಗೆ ಬಾರದ ಹೆಸರು ಅಲ್ಲಿ ನಾಲ್ಕು ಬುಟ್ಟಿ ತೇಲಿಸಿಕೊಂಡು ನಿಂತಿತ್ತು.

ಚೀಲದಿಂದ ಬಾಟಲಿ ತೆಗೆದೆ. "ಮಾವಾರ, ಈ ಬಾಟ್ಲಿ ನೆನಪೈತೇನ್ರಿ? ಟಿಕೋಟಾದಾಗ ಕೊಟ್ಟಿದ್ದು?"

"ನೆನಪಿಲ್ದ ಏನ್ರಿ! ಅವತ್ತ ಅಲ್ಲೇ ಸಂಜಿ ಆತು. ಬಿಜಾಪುರಕ್ಕ ಹೋಗೂ ಹೊತ್ತಲ್ಲ ಅಂತ ಜೀಪ ಹಿಡದ ಮನಿಗಿ ಬಂದ್ವಿ. ಜೀಪಿನ್ಯಾಗ ಮಂದಿ ಮ್ಯಾಲ ಮಂದಿ. ಮನಿಗಿ ಬಂದ ನೋಡ್ತೀನಿ, ಮುಚ್ಚಳ ಸಡಿಲಾಗಿ ನೀರೆಲ್ಲಾ ಸೋರಿ ಚೀಲ ತೊಯ್ದೈತಿ. ಮರುದಿನ ಊರ ಸಂತಿ, ಶೆಡ್ಡ ಬಿಟ್ಟ ಹೋಗಾಕ ಆಗೂದಿಲ್ಲ. ಎರಡ ದಿನ ಹಂಗ ಇಟ್ರ ತುಣುಕ ಕೊಳೀತೈತಿ. ಡಾಕ್ಟರು ಅಷ್ಟ ಕಷ್ಟಪಟ್ಟ ತಗದಾರ, ಈಕಿ ಅಷ್ಟ ನೋವ ತಿಂದಾಳ…" ಅವರು ಎದೆ ಉಬ್ಬಿಸಿದರು. "ನಾ ಏನ್ ದಡ್ಡ ಅದೀನೇನ್ರಿ? ಇದ ನೀರ ತುಂಬಿದ್ನಿ. ಹೊಸಾ ತೊಟ್ಟೀದು, ಸೋಸಿ."

ಅವರು ಮನೆಯಲ್ಲಿ ಇದ್ದುದರಲ್ಲೇ ಅತಿ ಒಳ್ಳೆಯದನ್ನು ಹಾಕಿದ್ದರು. ಇಡೀ ವರ್ಷದ ಬೆಳೆಯನ್ನು ಯಾವ ನೀರಿಗೆ ನಂಬಿ ಒಪ್ಪಿಸುತ್ತಾರೋ ಅದೇ ನೀರಿಗೆ ಸೊಸೆಯ ತುಣುಕನ್ನೂ ಒಪ್ಪಿಸಿದ್ದರು.

ಸೊಸೆಗೆ ನನ್ನ ಮುಖ ಓದುವುದು ಆಗಲೇ ರೂಢಿಯಾಗಿತ್ತು. ತೊಟ್ಟಿ ನೋಡಿದಳು, ಬಾಟಲಿ ನೋಡಿದಳು. "ಅಂದ್ರ ಅಕ್ಕಾರ, ಹಣ್ಣಿನ ನೀರು ಬ್ಯಾರೆ, ಇದ್ರ ನೀರು ಬ್ಯಾರೆ. ಅಲ್ಲೇನ್ರಿ?"

"ಹೌದು ಯವ್ವಾ. ಡಾಕ್ಟರ ನೀರು ಒಳಗಿನ ಪ್ರೋಟೀನು ಇದ್ದಂಗ ಇದ್ದಲ್ಲೇ ಹಿಡದ ಇಡತೈತಿ. ಈ ನೀರಾಗ ಅದು ಉಬ್ಬಿ, ಕೆಟ್ಟು, ಗುರುತ ಇಲ್ದಂಗ ಆಗೈತಿ. ಅದಕ್ಕ ನಾವು ನೋಡಿದ್ರ ಎಲ್ಲಾ ಸೊನ್ನಿ ಕಾಣಾಕತ್ತೈತಿ. ಅದು ಖರೇ ಸೊನ್ನಿನೋ, ನೀರಿನ ಸೊನ್ನಿನೋ ಗೊತ್ತಾಗವಲ್ದು."

ಸೊಸೆ ಟವೆಲಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಳು. ಅಳುತ್ತಾಳೆ ಅಂದುಕೊಂಡೆ. ಅವಳು ನಗುತ್ತಿದ್ದಳು.

"ಯಪ್ಪಾ ಮಾವಾ! ನನ್ನ ಮಣೂಕ ಮಾಡಾಕ ಹೊಂಟಿದ್ರೇನ?"

ಬುಟ್ಟಿ ಅದ್ದುತ್ತಿದ್ದ ಹೆಣ್ಣುಮಗಳು ಕಿಸಕ್ಕೆಂದಳು. "ಒಳ್ಳೇ ರೇಟ ಬರತಿತ್ತ ಬಿಡ ಯಕ್ಕಾ" ಎಂದು ಸೇರಿಸಿದಳು. ನಾನೂ ನಕ್ಕೆ. ನಗದೆ ಇದ್ದವರು ಮಾವ ಒಬ್ಬರೇ. ಅವರು ತೊಟ್ಟಿಯ ಅಂಚಿಗೆ ಕೂತುಬಿಟ್ಟಿದ್ದರು.

"ನಂದ ತಪ್ಪು" ಎಂದರು ಸಣ್ಣ ದನಿಯಲ್ಲಿ.

"ಒಬ್ಬರದ ಅಲ್ಲರಿ ಮಾವಾರ. ಸರ್ಜನ್ನು ಮುಚ್ಚಳ ಬಿಗೀಲಿಲ್ಲ. ಸೋರಿದ್ರ ಏನ ಮಾಡಬೇಕು ಅಂತ ನಿಮಗ ಯಾರೂ ಹೇಳಲಿಲ್ಲ. ನಾ ಬಾಟ್ಲಿ ತಗೊಂಡಾಗ ನೋಡಲಿಲ್ಲ. ನಾ ನೋಡಿದ್ರ ಅವತ್ತ ಸಿಗತಿತ್ತು."

ಇನ್ನೊಮ್ಮೆ ಸೂಜಿ ಹಾಕಬೇಕು ಎಂದಾಗ ಮಾವ ದಡಕ್ಕನೆ ಎದ್ದರು. "ಬ್ಯಾಡ್ರಿ! ಅವತ್ತ ಆಕಿ ನನ್ನ ಕೈ ಹಿಡದ ಬೆರಳ ಮುರ್ಯಾಂಗ ಹಿಚುಕಿದ್ಲು. ನನ್ನ ತಪ್ಪಿಗಿ ಆಕಿ ಯಾಕ ಮತ್ತ ನೋವ ತಿನಬೇಕು? ಇದ್ದ ಸೊನ್ನೀನ ಹಿಡಕೊಂಡು ಮದ್ದು ಮಾಡ್ರಿ. ದೊಡ್ಡ ಮದ್ದು ಕೊಟ್ರ ಆತಲ್ಲ?"

"ಕೊಡಬಹುದ್ರಿ. ಆದ್ರ ಕಿವಿ ಇದ್ದೂ ಇಲ್ಲ ಅಂತ ತಿಳಕೊಂಡ್ರ, ಆಮ್ಯಾಲಿನ ಗುಳಗಿ ಯಾರೂ ಬರದ ಕೊಡೂದಿಲ್ಲ. ಅದು ಆಕಿಗೆ ಸಿಗಬೇಕಾದ್ದು ಸಿಗದ ಹೋಗತೈತಿ." ಆಮೇಲೆ ಸೊಸೆಯ ಕಡೆ ತಿರುಗಿದೆ. ಅದನ್ನು ಬಚ್ಚಿಡುವುದು ನ್ಯಾಯವಲ್ಲ ಅನ್ನಿಸಿತು. "ಒಂದ ಮಾತು ಯವ್ವಾ. ಮತ್ತ ಮಾಡಿದ ಮ್ಯಾಲೂ ಸೊನ್ನಿನ ಬರಬಹುದು. ಬಾ ಅನ್ನಾಕ ಬಂದೀನಿ, ಒಳ್ಳೇದು ಬರತೈತಿ ಅನ್ನಾಕ ಬಂದಿಲ್ಲ."

ಅವಳು ಜಾಳಿಗೆಯ ಮೇಲಿನ ಹಣ್ಣೊಂದನ್ನು ಎತ್ತಿ, ಬೆರಳ ನಡುವೆ ಒತ್ತಿ ನೋಡಿ, ಮತ್ತೆ ಇಟ್ಟಳು.

"ಬರಲೇಳ್ರಿ. ಸೊನ್ನಿ ಬಂದ್ರ ಅದು ನಂದ ಸೊನ್ನಿ ಆಗಲಿ. ತೊಟ್ಟೀದು ಬ್ಯಾಡ" ಎಂದಳು. ನಂತರ ಮಾವನ ಕಡೆಗೆ: "ನಾಳಿ ನೀವ ಬರಬೇಕು ಮತ್ತ. ಹಿಚುಕಾಕ ನನಗ ನಿಮ್ಮ ಕೈನ ಬೇಕು."

ಶನಿವಾರ ಹತ್ತೂವರೆಗೆ, ವಿಜಯಪುರದಲ್ಲೇ, ಅದೇ ಸರ್ಜನ್. ಈ ಸಲ ಸೂಜಿಯ ಪಕ್ಕದಲ್ಲಿ ನಾನು ಬಾಟಲಿ ಹಿಡಿದು ನಿಂತಿದ್ದೆ. ಎಳೆಗಳಿಗಿಂತ ಹತ್ತುಪಟ್ಟು ಹೆಚ್ಚು ಫಾರ್ಮಾಲಿನ್, ಬಿಗಿ ಮುಚ್ಚಳ. ಐದು ಎಳೆ ಬಂದವು. ಒಂದೊಂದನ್ನೂ ತೆಗೆದ ಕ್ಷಣವೇ ಒಳಗಿಳಿಸಿ, ಬಾಟಲಿಯ ಮೇಲೆ ಗಂಟೆ ನಿಮಿಷ ಬರೆದೆ. ಸರ್ಜನ್ ನನ್ನನ್ನೇ ನೋಡುತ್ತಿದ್ದರು. "ಏನ್ ಅಕ್ಕಾರ, ನಮ್ಮ ಮ್ಯಾಲ ಪಹರೆ ಬಂತಲ್ಲ" ಎಂದು ನಕ್ಕರು. "ನನ್ನ ಮ್ಯಾಲ ನಾನ ಇಟ್ಟಿದ್ದ ಪಹರೇರಿ ಸರ್" ಎಂದೆ. ಸೊಸೆ ಕಣ್ಣು ಮುಚ್ಚಿಕೊಂಡೇ, "ಮಾವಾರ ಕೈ ಸಡಿಲ ಬಿಡಬ್ಯಾಡ್ರಿ, ನಾ ಇನ್ನೂ ಹಿಚುಕಾಕತ್ತೀನಿ" ಅಂದಳು.

ಮುಂದಿನದು ಕಾಯುವ ಕೆಲಸ. ಗುರುವಾರದ ಗಡುವು ತಲೆಯ ಮೇಲಿದ್ದಾಗ ಕಾಯುವುದು ಎಷ್ಟು ಕಷ್ಟವೆಂದು ಆ ಎರಡು ದಿನ ತಿಳಿಯಿತು. ತುಣುಕು ಫಾರ್ಮಾಲಿನ್ನಿನಲ್ಲಿ ಕನಿಷ್ಠ ಆರು ಗಂಟೆ ಇರಬೇಕು, ಪೂರ್ತಿ ಹಿಡಿಯಲು ಒಂದು ರಾತ್ರಿ ಇದ್ದರೇ ಒಳ್ಳೆಯದು. ಸಂಜೆ ಐದಕ್ಕೇ ತೆಗೆದು ಯಂತ್ರಕ್ಕೆ ಹಾಕಿಬಿಡಲೇ ಎಂದು ನನಗೆ ಎರಡು ಸಲ ಅನ್ನಿಸಿತು, ಮೇಡಮ್ಮಿಗೆ ಒಂದು ಸಲ. ತೊಟ್ಟಿಯ ಮುಂದೆ ಎಣಿಸುತ್ತ ನಿಂತಿದ್ದ ಆ ಹೆಣ್ಣುಮಗಳು ನೆನಪಾದಳು. ಅವಳು ಬುಟ್ಟಿಯನ್ನು ಅವಸರಕ್ಕೆ ಎತ್ತಿರಲಿಲ್ಲ, ಮರೆತು ಬಿಟ್ಟೂ ಇರಲಿಲ್ಲ. ಭಾನುವಾರ ಮುಂಜಾನೆ ಬಂದು ತೆಗೆದೆ. ಸೋಮವಾರ ಮೇಣದ ಗಟ್ಟಿ, ಹೆರೆಯುವುದು, ಮೊದಲ ಗುಲಾಬಿ-ನೀಲಿ ಗಾಜು. ಅಂಚುಗಳು ಹೊಸ ಬ್ಲೇಡಿನಂತೆ ಚೂಪಾಗಿದ್ದವು.

ಮಂಗಳವಾರ ಕುಕ್ಕರು ಇಳಿಸಿ, ಒಂದೊಂದೇ ಹನಿ ಹಾಕಿ, ತೊಳೆದು, ಕೊನೆಯ ಬಣ್ಣ ಹಾಕಿ ಗಡಿಯಾರ ನೋಡುತ್ತ ಕೂತೆ. ಕಂದು ಮೂಡುವುದು ಬರಿಗಣ್ಣಿಗೂ ಕಾಣುತ್ತದೆ, ಗಾಜಿನ ಮೇಲೆ ಚಹಾದ ಕಲೆಯಂತೆ. ಸಾಕ್ಷಿಯ ತುಣುಕು ಮೊದಲು ಕಂದಾಯಿತು. ಅವಳ ತುಣುಕು ಬೆಳ್ಳಗೇ ಇತ್ತು. ಇನ್ನೂ ಬೆಳ್ಳಗಿತ್ತು. ಆಮೇಲೆ ಒಂದು ತುದಿಯಿಂದ ಮೆಲ್ಲಗೆ ಕಂದು ಹತ್ತಿಕೊಂಡಿತು.

ನಾನು ಮೇಡಮ್ಮನ್ನು ಕೂಗಲಿಲ್ಲ. ತೊಳೆದು, ನೀಲಿ ಕಟ್ಟಿ, ಮೇಲೆ ಗಾಜು ಮುಚ್ಚಿ, ಎಲ್ಲ ಕ್ರಮವಾಗಿ ಮುಗಿಸಿ ಒಯ್ದೆ. ಅವರು ಮೊದಲು ನೋಡಿದ್ದು ಗಡ್ಡೆಯನ್ನಲ್ಲ. ಮೂಲೆಯಲ್ಲಿ ಆರೋಗ್ಯವಂತ ನಾಳವೊಂದನ್ನು ಹುಡುಕಿದರು. ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ. ತಲೆಯಾಡಿಸಿದರು. ಆಮೇಲೆ ಗಡ್ಡೆಗೆ ಸರಿದರು. ಈಸ್ಟ್ರೋಜನ್ನಿನ ಗಾಜಿನಲ್ಲಿ ಹತ್ತಕ್ಕೆ ಒಂಬತ್ತು ಕೋಶ ಗಾಢ ಕಂದು. ಪ್ರೊಜೆಸ್ಟರಾನ್ ಅದಕ್ಕಿಂತ ಕಡಿಮೆ, ಆದರೂ ಇದೆ. ಹರ್-2 ಸೊನ್ನೆ. ಕಿ-67ರಲ್ಲಿ, ಗುಲಾಬಿ-ನೀಲಿ ಗಾಜು ಮೊದಲೇ ಹೇಳಿದಂತೆ, ಒಡೆಯುವ ಕೋಶಗಳು ಚದುರಿ ಕೂತಿದ್ದವು.

"ಇದು ಸೊನ್ನಿ, ಖರೇ ಸೊನ್ನಿ" ಎಂದು ಮೇಡಂ ಹರ್-2ರ ಗಾಜು ತೋರಿಸಿದರು. "ಉಳಿದಾವ ನೋಡ್ರಿ, ಎಷ್ಟ ಮಾತಾಡಾಕತ್ತಾವ!"

ಸಂಜೆ ಮಾವ-ಸೊಸೆ ಅದೇ ಬೆಂಚಿನ ಮೇಲಿದ್ದರು. ಈ ಸಲ ಮೇಡಂ ತಾವೇ ಹೊರಗೆ ಬಂದು ಹೇಳಿದರು. ದೊಡ್ಡ ಮದ್ದು ತಪ್ಪುವುದಿಲ್ಲ, ಕಂಕುಳಲ್ಲಿ ಒಂದು ಗಂಟು ಇದೆ, ಆಪರೇಷನ್ನೂ ಆಗಬೇಕು. ಆದರೆ ಗುಳಿಗೆಯ ದಾರಿ ತೆರೆದಿದೆ. ಸೊಸೆ ಎಲ್ಲ ಕೇಳಿಸಿಕೊಂಡು, "ಎಷ್ಟ ವರ್ಷ ನುಂಗಬೇಕ್ರಿ?" ಎಂದಳು. ಐದು, ಹತ್ತೂ ಆಗಬಹುದು ಎಂದರು ಮೇಡಂ. "ಹತ್ತ ವರ್ಷ ನುಂಗಬೇಕಂದ್ರ ಹತ್ತ ವರ್ಷ ಇರತೀನಿ ಅಂತ ಆತಲ್ಲ" ಎಂದು ಅವಳು ಲೆಕ್ಕ ಹಾಕಿದಳು. ಮೇಡಂ ಅದಕ್ಕೆ ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಅವಳ ಭುಜದ ಮೇಲೆ ಕೈಯಿಟ್ಟರು. ಮಾವ ಮಣೂಕದ ಚೀಲವನ್ನು ಅವತ್ತು ತಂದಿರಲಿಲ್ಲ. ಹೋಗುವಾಗ ಕಿಟಕಿಗೆ ಬಂದು, "ಅಕ್ಕಾರ, ಆ ಬಾಟ್ಲಿ ಒಗದೀರೇನ್ರಿ?" ಎಂದು ಕೇಳಿದರು. ಇನ್ನೂ ಇಲ್ಲ ಎಂದೆ. "ಒಗದಬಿಡ್ರಿ" ಎಂದರು.

ಆ ವಾರದಿಂದ ನಮ್ಮ ಬಾಟಲಿಗಳಿಗೆ ಕನ್ನಡದ ಚೀಟಿ ಅಂಟಿಸತೊಡಗಿದೆವು: 'ಈ ನೀರು ಚೆಲ್ಲಬೇಡಿ. ಸೋರಿದರೆ ಬೇರೇನೂ ತುಂಬಬೇಡಿ, ಕೂಡಲೇ ಫೋನ್ ಮಾಡಿ.' ಟಿಕೋಟಾದ ನರ್ಸಿಂಗ್ ಹೋಮಿಗೂ ಒಂದು ಕಟ್ಟು ಕಳಿಸಿದೆವು. ರಿಜಿಸ್ಟರಿನ ಆ ಸಾಲಿನ ಮುಂದೆ ಮುಚ್ಚಳ ತೆಗೆದವರ ಸಹಿಗೆಂದು ಒಂದು ಕಾಲಮ್ಮು ಗೀರಿದೆ.

ಮರುವರ್ಷದ ಹಂಗಾಮಿನಲ್ಲಿ, ಒಂದು ಮುಂಜಾನೆ, ಬಾಗಿಲು ತೆರೆಯುವ ಮೊದಲೇ ಮಾವ ಮೆಟ್ಟಿಲ ಮೇಲೆ ಕೂತಿದ್ದರು. ತೊಡೆಯ ಮೇಲೆ ಸ್ಟೀಲಿನ ಡಬ್ಬಿ. ಜೀಪಲ್ಲಿ ಬಂದಿರಲಿಲ್ಲ, ಬಸ್ಸಿನ ಮುಂದಿನ ಸೀಟಿನಲ್ಲಿ ಡಬ್ಬಿ ನೆಟ್ಟಗೆ ಹಿಡಿದುಕೊಂಡು ಬಂದಿದ್ದರು. ಒಳಗೆ ಹಳೆಯ ಸೀರೆಯ ತುಂಡು ಒತ್ತಿ ತುಂಬಿ, ನಡುವೆ ಒಂದು ಬಾಟಲಿ. ಮುಚ್ಚಳದ ಸುತ್ತ ಮೂರು ಸುತ್ತು ಟೇಪು. ಶೆಡ್ಡಿನಲ್ಲಿ ಬುಟ್ಟಿ ಅದ್ದುತ್ತಿದ್ದ ಆ ಹೆಣ್ಣುಮಗಳ ತುಣುಕಂತೆ ಅದು. ನಿನ್ನೆ ಟಿಕೋಟಾದಲ್ಲಿ ತೆಗೆದದ್ದು.

"ಸೊಸಿ ಹೆಂಗದಾಳ್ರಿ?" ಎಂದೆ.

"ಕೂದಲಾ ಬಂದಾವರಿ, ಗುಂಗರ ಗುಂಗರ. ದಿನಾ ಮುಂಜಾನಿ ಗುಳಗಿ ನುಂಗಿ ನನ್ನ ಮ್ಯಾಲ ಒದರಾಕತ್ತಾಳ. ಈ ಬಾಟ್ಲಿ ಆಕೀನ ಕಟ್ಟಿ ಕೊಟ್ಟಾಳ" ಎಂದು ಅವರು ಡಬ್ಬಿಯನ್ನು ಕಿಟಕಿಯೊಳಗೆ ತಳ್ಳಿದರು. ಆದರೆ ಜಾಗ ಬಿಟ್ಟು ಕದಲಲಿಲ್ಲ. "ಮುಚ್ಚಳ ತಗೀರಿ ಅಕ್ಕಾರ. ನೀವು ತಗದ ನೋಡೂ ಮಟಾ ನಾ ಹೋಗೂದಿಲ್ಲ."

ಟೇಪು ಬಿಚ್ಚಲು ಕತ್ತರಿಯೇ ಬೇಕಾಯಿತು. ಮುಚ್ಚಳ ತೆಗೆದೆ. ಕಣ್ಣು ಚುರ್ರೆಂದು ಉರಿದು ನೀರು ಬಂತು. ಮಾವ ಅದನ್ನು ನೋಡಿ, ತೃಪ್ತಿಯಿಂದ ತಲೆಯಾಡಿಸಿ, ಮೆಟ್ಟಿಲಿಳಿದರು. ನಾನು ರಿಜಿಸ್ಟರು ಎಳೆದುಕೊಂಡು ಬರೆದೆ: 'ಫಾರ್ಮಾಲಿನ್‌ನಲ್ಲಿ ಬಂದಿದೆ.' ಮುಂದೆ ಸಹಿ ಹಾಕಿದೆ.